ಅಮ್ಮನ ಸರ ಕೊರಳಲ್ಲೇ ಇರಲಿ, ಕ್ಯಾಮೆರಾ ಬಾಡಿಗೆಗೆ ಬರಲಿ!

ಈ ವಾರ ತಾರೆಯರ ಸುದ್ದಿ ಸ್ವಲ್ಪ ಪಕ್ಕಕ್ಕಿರಲಿ. ಯಾವ ಚಿತ್ರದ ಮುಹೂರ್ತ ಆಯ್ತು, ಯಾವುದು ಡಬ್ಬಾ ಸೇರಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಅದೆಲ್ಲಾ ಮುಂದಿನ ವಾರಕ್ಕೂ ಹಾಗೇ ಇರುತ್ತೆ, ಎಲ್ಲಿಗೂ ಓಡಿ ಹೋಗೋಲ್ಲ. ಆದರೆ ನನ್ನ ಮೇಜಿನ ಮೇಲಿರೋ ಒಂದು ಪತ್ರಕ್ಕೆ ಅಷ್ಟು ಪುರುಸೊತ್ತಿಲ್ಲ. ಯುಗಾದಿ ಹತ್ತಿರ ಬರ್ತಾ ಇದೆ.

ಅರಸೀಕೆರೆ ಕಡೆಯ ಹುಡುಗ, ವಯಸ್ಸು ಇಪ್ಪತ್ತೆರಡು. ನಾಲ್ಕು ಪುಟ ಬರೆದಿದ್ದಾರೆ, ಸಾರಾಂಶ ಇಷ್ಟು: "ಸಾರ್, ಸಿನಿಮಾ ಅಂದ್ರೆ ನನಗೆ ಪ್ರಾಣ. ಮೊದಲು ಸ್ಟಿಲ್ ಫೋಟೋಗ್ರಾಫರ್ ಆಗಬೇಕು, ಆಮೇಲೆ ಕ್ಯಾಮೆರಾಮನ್. ಸದ್ಯಕ್ಕೆ ಊರಲ್ಲೇ ಮದುವೆ ಫೋಟೋ ತೆಗೆದು ದುಡ್ಡು ಮಾಡ್ತೀನಿ. ಫುಲ್‌ಫ್ರೇಮ್ ಕ್ಯಾಮೆರಾ, ಲೆನ್ಸು ಎರಡೂ ಸೇರಿ 1 ಲಕ್ಷ 80 ಸಾವಿರ. ಅಮ್ಮನ ಸರ ಅಡ ಇಟ್ಟರೆ 80 ಸಾವಿರ ಸಿಗುತ್ತೆ. ಮಿಕ್ಕ ಒಂದು ಲಕ್ಷ ಇಎಂಐ. ಅಮ್ಮ ಒಪ್ಪಿದ್ದಾರೆ. ಯುಗಾದಿಗೆ ತಗೋಬೇಕು. ಯಾವ ಕಂಪನಿಯದು ತಗೊಳ್ಳಲಿ?"

ಅಮ್ಮ ಒಪ್ಪಿದ್ದಾರಂತೆ! ಒಪ್ಪದೇ ಇನ್ನೇನು ಮಾಡ್ತಾರೆ ಸ್ವಾಮಿ? ನಮ್ಮ ಬೆಳ್ಳಿತೆರೆಯಲ್ಲಿ ಪಂಢರಿಬಾಯಿ ಕಾಲದಿಂದ ಅಮ್ಮ ಅನ್ನಿಸಿಕೊಂಡವಳಿಗೆ ಒಪ್ಪೋದೇ ಕೆಲಸ. ಮಗ ಕೇಳಿದ ಅಂದ್ರೆ ಸರ ಅಲ್ಲ, ಕಿವಿ ಓಲೆನೂ ಬಿಚ್ಚಿ ಕೊಡ್ತಾರೆ. ಕೊಡ್ತಾರೆ ಅಂತ ಕೇಳಬಹುದೇ ಅನ್ನೋದು ಬೇರೆ ಮಾತು.

ಹುಡುಗ ಚುರುಕು. ನಾನು ಬೇಡ ಅಂತೀನಿ ಅಂತ ಮೊದಲೇ ಗೊತ್ತು. ಅದಕ್ಕೇ ಕೊನೆಯಲ್ಲಿ ಒಂದು ಬಾಣ ಬಿಟ್ಟಿದ್ದಾರೆ: "ಫಾಲ್ಕೆಯವರೂ ಹೆಂಡತಿ ಒಡವೆ ಹಾಕಿಯೇ ಸಿನಿಮಾ ಮಾಡಿದ್ದಲ್ವಾ ಸಾರ್?"

ನಿಜ ತಮ್ಮಾ, ನಿಜ. ದಾದಾಸಾಹೇಬ್ ಫಾಲ್ಕೆಯವರ ಪತ್ನಿ ಸರಸ್ವತಿಬಾಯಿ ಒಡವೆ ಕೊಟ್ಟದ್ದು ನಿಜ. ಆದರೆ ಇಂಟರ್‌ವಲ್ ಆದಮೇಲೆ ಟಾಕೀಸಿಗೆ ನುಗ್ಗಿದವರ ಹಾಗೆ ಅರ್ಧ ಕಥೆ ಹೇಳಬಾರದು. ಪೂರ್ತಿ ಕೇಳಿ.

ಫಾಲ್ಕೆ ಮೊದಲು ಸಿನಿಮಾದವರಲ್ಲ. ನಿಮ್ಮ ಹಾಗೇ ಫೋಟೋ ಕಸುಬಿಗೆ ಇಳಿದವರು! 1870ರಲ್ಲಿ ಹುಟ್ಟಿ, ಬೊಂಬಾಯಿಯ ಜೆ.ಜೆ. ಕಲಾಶಾಲೆಯಲ್ಲಿ, ಬರೋಡಾದ ಕಲಾಭವನದಲ್ಲಿ ಕಲಿತು, ಗುಜರಾತಿನ ಗೋಧ್ರಾದಲ್ಲಿ ಸ್ಟುಡಿಯೋ ತೆರೆದರು. ಪ್ಲೇಗು ಬಂದು ಮೊದಲ ಹೆಂಡತಿ, ಮಗು ಇಬ್ಬರೂ ಹೋದರು. ಊರು ಬಿಟ್ಟು ಬರೋಡಾಕ್ಕೆ ಬಂದು ಮತ್ತೆ ಕ್ಯಾಮೆರಾ ಹಿಡಿದರೆ ಅಲ್ಲಿ ಇನ್ನೊಂದು ಪೀಕಲಾಟ. ಕ್ಯಾಮೆರಾ ಮುಂದೆ ಕೂತರೆ ಮೈಯೊಳಗಿನ ಶಕ್ತಿ ಎಳೆದುಕೊಂಡುಬಿಡುತ್ತೆ ಅಂತ ಜನರ ನಂಬಿಕೆ. ಗಿರಾಕಿಯೇ ಇಲ್ಲ. ಅಂಗಡಿ ಕಟ್ಟಿಟ್ಟರು. ಆಮೇಲೆ ಪುರಾತತ್ವ ಇಲಾಖೆಯಲ್ಲಿ ಕೆಲಸ, ಲೋಣಾವಳದಲ್ಲಿ ಮುದ್ರಣದ ಉದ್ಯೋಗ. 1912ರಲ್ಲಿ ಲಂಡನ್ನಿಂದ ವಿಲಿಯಮ್‌ಸನ್ ಕ್ಯಾಮೆರಾ ತರೋ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ಆ ಪ್ರಯಾಣಕ್ಕೂ ವಿಮಾ ಪಾಲಿಸಿ ಮೇಲೆ ಸಾಲ ಎತ್ತಿದ್ದರು, ಮುಚ್ಚಿಡೋಲ್ಲ. ಆದರೆ ಅಷ್ಟರಲ್ಲಿ ಬೆಳಕು, ರಾಸಾಯನಿಕ, ಬ್ಲಾಕು, ಅಚ್ಚು ಎಲ್ಲದರಲ್ಲೂ ಕೈ ಪಳಗಿತ್ತು.

ಕ್ಯಾಮೆರಾ ಬಂದಮೇಲೆ ಮಾಡಿದ್ದೇನು? ಹರಿಶ್ಚಂದ್ರನಿಗೆ ಕಿರೀಟ ಮಾಡಿಸಲಿಲ್ಲ. ಕುಂಡದಲ್ಲಿ ಒಂದು ಬಟಾಣಿ ಕಾಳು ಹಾಕಿದರು! ಅದು ಮೊಳೆತು ಬಳ್ಳಿಯಾಗೋದನ್ನ ತಿಂಗಳಿಗೂ ಮೇಲ್ಪಟ್ಟು ದಿನಕ್ಕೊಂದು ಫ್ರೇಮಿನಂತೆ ಹಿಡಿದರು. ಒಂದು ನಿಮಿಷದ ಆಸುಪಾಸಿನ ತುಂಡು ಚಿತ್ರ. ದುಡ್ಡು ಇದ್ದವರನ್ನ ಕರೆದು ತೋರಿಸಿದರು. ಕಾಳು ಕಣ್ಣೆದುರೇ ಗಿಡವಾಗೋದನ್ನ ನೋಡಿದವರು ಸಾಲ ಕೊಡೋಕೆ ಮುಂದೆ ಬಂದರು. ಸರಸ್ವತಿಬಾಯಿ ಒಡವೆ ಆಚೆಗೆ ಬಂದದ್ದು ಚಿತ್ರದ ಕೆಲಸ ಹಿಡಿದಾಗ. 'ರಾಜಾ ಹರಿಶ್ಚಂದ್ರ' ತೆರೆಗೆ ಬಂದದ್ದು 1913ರ ಮೇ 3ಕ್ಕೆ.

ಮೊದಲು ಬಟಾಣಿ, ಆಮೇಲೆ ಒಡವೆ. ನಮ್ಮ ಅರಸೀಕೆರೆ ಮಿತ್ರರು ಬಟಾಣಿ ಬಿತ್ತೋದಕ್ಕೆ ಮುಂಚೆಯೇ ಒಡವೆ ಬಿಚ್ಚಿಸೋಕೆ ಹೊರಟಿದ್ದಾರೆ. ನಾಲ್ಕು ಪುಟದ ಪತ್ರದಲ್ಲಿ ತಾವು ಇದುವರೆಗೆ ತೆಗೆದ ಒಂದೇ ಒಂದು ಫೋಟೋ ಬಗ್ಗೆಯೂ ಒಂದು ಸಾಲಿಲ್ಲ ನೋಡಿ!

ಈಗ ಲೆಕ್ಕಕ್ಕೆ ಬರೋಣ. ಪಿಯುಸಿ ಅರ್ಧಕ್ಕೆ ಬಿಟ್ಟವನ ಲೆಕ್ಕ, ಆದರೂ ಕೂಡಿಸೋದು ಕಳೆಯೋದು ಬರುತ್ತೆ. ಒಂದು ಲಕ್ಷ ಸಾಲ, ಎರಡು ವರ್ಷದ ಕಂತು, ಬಡ್ಡಿ ಶೇಕಡಾ 14 ಅಂತ ಹಿಡಿಯಿರಿ. ತಿಂಗಳಿಗೆ ಸುಮಾರು 4,800 ರೂಪಾಯಿ. ಸರದ ಮೇಲಿನ 80 ಸಾವಿರಕ್ಕೆ ತಿಂಗಳಿಗೆ ನೂರಕ್ಕೊಂದು ರೂಪಾಯಿ ಬಡ್ಡಿ ಅಂದರೂ 800. ಒಟ್ಟು 5,600. ಎರಡು ವರ್ಷ ತಪ್ಪದೇ ಕಟ್ಟಿದ ಮೇಲೂ ಸರದ 80 ಸಾವಿರ ಅಸಲು ಹಾಗೇ ಗುಡ್ಡದ ಹಾಗೆ ಕೂತಿರುತ್ತೆ. ಎಲ್ಲಾ ಸೇರಿಸಿದರೆ 2 ಲಕ್ಷ 14 ಸಾವಿರ ದಾಟಿತು. ಕ್ಯಾಮೆರಾ ಅಷ್ಟರಲ್ಲಿ ಹಳೇದು.

ಅದೇ ದರ್ಜೆಯ ಕ್ಯಾಮೆರಾ, ಲೆನ್ಸು ಬಾಡಿಗೆಗೆ ಸಿಗುತ್ತೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಇಂಥ ಬಾಡಿಗೆ ಅಂಗಡಿಗಳಿವೆ, ಗುರುತಿನ ಚೀಟಿ, ಠೇವಣಿ ಕೇಳ್ತಾರೆ. ದಿನದ ಬಾಡಿಗೆ 1,400 ಅಂತಿಟ್ಟುಕೊಳ್ಳಿ. ನಾಲ್ಕು ದಿನಕ್ಕೆ 5,600. ಅಂದ್ರೆ ಏನಾಯ್ತು? ತಿಂಗಳಿಗೆ ನಾಲ್ಕು ದಿನ, ವರ್ಷಕ್ಕೆ 48 ದಿನ ಕೆಲಸ ಗ್ಯಾರಂಟಿ ಇಲ್ಲದವನು ಕ್ಯಾಮೆರಾ ಕೊಂಡರೆ ನಷ್ಟ, ಬಾಡಿಗೆಗೆ ತಂದರೆ ಲಾಭ. ಇನ್ನೂ ಬೋರ್ಡೇ ಹಾಕದ ಹುಡುಗನಿಗೆ ಮೊದಲ ವರ್ಷ 48 ಆರ್ಡರ್ ಯಾರು ಕೊಡ್ತಾರೆ ಹೇಳಿ?

ಇನ್ನೊಂದು ವಿಷಯ. ಇದನ್ನ ಕ್ಯಾಮೆರಾ ಅಂಗಡಿಯವರು ಯಾರೂ ಹೇಳೋಲ್ಲ. ಆಷಾಢದಲ್ಲಿ ನಮ್ಮಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದು ಕೂರುತ್ತೆ, ಅದರಲ್ಲೂ ಇಲ್ಲ. ಗುರು ಅಸ್ತ, ಶುಕ್ರ ಅಸ್ತ ಅಂತ ಪಂಚಾಂಗದವರು ಅಂದರೆ ಛತ್ರದ ಬಾಗಿಲಿಗೆ ಬೀಗ. ಕಂತಿಗೆ ಮಾತ್ರ ಆಷಾಢ ಇಲ್ಲ ಸ್ವಾಮಿ! ತಿಂಗಳ ಐದನೇ ತಾರೀಖು ಅಂದರೆ ಐದನೇ ತಾರೀಖು. ಯುಗಾದಿಗೆ ಕ್ಯಾಮೆರಾ ತಂದವನಿಗೆ ಸುಗ್ಗಿ ಅಂತ ಸಿಗೋದು ಎರಡು ಮೂರು ತಿಂಗಳು. ಅಷ್ಟರಲ್ಲಿ ಕೈ ಕುದುರಿಸಿಕೊಳ್ಳೋ ಹೊತ್ತಿಗೆ ಆಷಾಢ ಬಾಗಿಲು ತಟ್ಟಿರುತ್ತೆ. ಬಾಡಿಗೆ ಕ್ಯಾಮೆರಾಕ್ಕೆ ಆಷಾಢದ ಖರ್ಚು ಎಷ್ಟು? ಸೊನ್ನೆ.

ತಿಪಟೂರು ಕಡೆ ನನಗೆ ಗೊತ್ತಿರೋ ಒಬ್ಬರು ಒಂದೇ ಸಲಕ್ಕೆ ಕ್ಯಾಮೆರಾ, ಗಿಂಬಲ್, ಡ್ರೋನ್ ಎಲ್ಲಾ ಸಾಲದಲ್ಲಿ ತಂದರು. ಒಳ್ಳೆ ಕೆಲಸಗಾರ, ಸೋಮಾರಿ ಅಲ್ಲ. ಮೂರನೇ ಆಷಾಢಕ್ಕೆ ಒಂದೊಂದಾಗಿ ಸಾಮಾನು ಮಾರಿದರು. ಹೆಂಡತಿ ಬಳೆ ಹರಾಜಿಗೆ ಹೋಯ್ತು, ಬಿಡಿಸಿಕೊಳ್ಳೋಕೆ ಆಗಲಿಲ್ಲ. ಈಗ ಬೇರೆಯವರ ಬಳಿ ದಿನಗೂಲಿಗೆ ಫೋಟೋ ತೆಗೀತಾರೆ. ಬಸ್ ಸ್ಟ್ಯಾಂಡ್ ಎದುರು ಅವರ ಸ್ಟುಡಿಯೋ ಬ್ಯಾನರ್ ಮಾತ್ರ ಇನ್ನೂ ಇದೆ, ಬಿಸಿಲಿಗೆ ಮದುಮಕ್ಕಳ ಮುಖ ಬಿಳುಚಿಕೊಂಡಿದೆ. ಆ ದಾರಿಯಲ್ಲಿ ಬಸ್ಸು ಹೋಗುವಾಗ ಅವರು ಆ ಕಡೆ ನೋಡೋದಿಲ್ಲ. ಪಕ್ಕದಲ್ಲಿ ಕೂತು ಗಮನಿಸಿದ್ದೀನಿ.

ಹಾಗಾದರೆ ಏನು ಮಾಡಬೇಕು? ಕೈ ಕಟ್ಟಿ ಕೂರೋದಾ? ಖಂಡಿತಾ ಇಲ್ಲ. ಈ ಕಸುಬಲ್ಲಿ ಅನ್ನ ಇದೆ. ಆದರೆ ಅನ್ನ ಇರೋ ಜಾಗ ಬೇರೆ, ನಿಮ್ಮ ಕಣ್ಣು ಇರೋ ಜಾಗ ಬೇರೆ.

ಒಂದು ತಾಲ್ಲೂಕು ಕಚೇರಿ ಎದುರು ಪೆಟ್ಟಿಗೆ ಅಂಗಡಿಯಷ್ಟೇ ಅಗಲದ ಸ್ಟುಡಿಯೋ ನೋಡಿದ್ದೀನಿ. ಒಂದು ಸ್ಟೂಲು, ಹಿಂದೆ ಬಿಳಿ ಬಟ್ಟೆ, ಎರಡು ಲೈಟು, ಒಂದು ಹಳೇ ಕ್ಯಾಮೆರಾ, ಇಂಕ್ ಟ್ಯಾಂಕ್ ಪ್ರಿಂಟರು. ಪಾಸ್‌ಪೋರ್ಟ್ ಸೈಜ್ ಅಂತ ನಾವು ಕರೆಯೋ ಫೋಟೋ. ಪಾಸ್‌ಪೋರ್ಟಿಗೆ ಈಗ ಸೇವಾ ಕೇಂದ್ರದಲ್ಲೇ ಫೋಟೋ ಹಿಡೀತಾರೆ, ಹೆಸರು ಮಾತ್ರ ಉಳಿದಿದೆ. ಆದರೆ ಬ್ಯಾಂಕಿಗೆ, ಸ್ಕಾಲರ್‌ಶಿಪ್ಪಿಗೆ, ಹಾಸ್ಟೆಲ್ಲಿಗೆ, ಪರೀಕ್ಷೆ ಅರ್ಜಿಗೆ ಫೋಟೋ ಬೇಕೇ ಬೇಕು. 35 ಮಿಲಿಮೀಟರ್ ಅಗಲ, 45 ಎತ್ತರ. 4×6 ಇಂಚಿನ ಒಂದು ಹಾಳೆಯಲ್ಲಿ ಎಂಟು ಫೋಟೋ ಕೂರುತ್ತೆ. ಆ ಹಾಳೆ, ಶಾಯಿ ಎರಡೂ ಸೇರಿ ಹತ್ತು ರೂಪಾಯಿ ಹಿಡಿದರೂ, ಗಿರಾಕಿಯಿಂದ ಐವತ್ತು ಅರವತ್ತು ಬಂದರೆ ಮಿಕ್ಕದ್ದು ಏನು ಅಂತ ನೀವೇ ನೋಡಿ. ಆನ್‌ಲೈನ್ ಅರ್ಜಿಗೆ ಇಷ್ಟು ಕೆಬಿ ಒಳಗೆ ಫೋಟೋ ಇರಬೇಕು ಅಂತ ಕೇಳ್ತಾರಲ್ಲ, ಅದನ್ನ ಕುಗ್ಗಿಸಿ ಗಿರಾಕಿಯ ಮೊಬೈಲಿಗೆ ಕಳಿಸಿಕೊಡೋನಿಗೆ ಜನ ಮೈಲಿ ದೂರದಿಂದ ಹುಡುಕಿಕೊಂಡು ಬರ್ತಾರೆ.

ಆತನ ಜಾಣತನ ಇನ್ನೂ ಇದೆ. ಆಷಾಢ ಬರೋದು ಶಾಲೆ ಶುರುವಾಗೋ ಕಾಲಕ್ಕೆ. ಮಕ್ಕಳ ಗುರುತಿನ ಚೀಟಿಗೆ ಫೋಟೋ ಬೇಕು. ಮೇ ತಿಂಗಳಲ್ಲೇ ಸುತ್ತಮುತ್ತಲ ಶಾಲೆಗಳ ಮುಖ್ಯೋಪಾಧ್ಯಾಯರನ್ನ ಕಂಡು ಮಾತಾಡಿಕೊಂಡು ಬಿಡ್ತಾರೆ. 400 ಮಕ್ಕಳು, ತಲೆಗೆ 20 ರೂಪಾಯಿ ಅಂತಿಟ್ಟುಕೊಂಡರೂ ಎಂಟು ಸಾವಿರ, ಎರಡು ದಿನದ ಕೆಲಸ. ವರ್ಷದ ಕೊನೆಯಲ್ಲಿ ಬೀಳ್ಕೊಡುಗೆ ಸಮಾರಂಭ, ಗ್ರೂಪ್ ಫೋಟೋ. ಮುಸ್ಲಿಮರ, ಕ್ರೈಸ್ತರ ಮನೆಯ ಮದುವೆಗೆ ಆಷಾಢದ ಹಂಗಿಲ್ಲ, ಅಲ್ಲೂ ಪರಿಚಯ ಬೆಳೆಸಿದ್ದಾರೆ. ಪಂಚಾಂಗ ನೋಡಿಕೊಂಡು ವ್ಯಾಪಾರ ಮಾಡೋನು ಅಂದ್ರೆ ಇವನು!

ಇದರಲ್ಲಿ ಗ್ಲಾಮರ್ ಎಲ್ಲಿದೆ ಸಾರ್ ಅಂತೀರಾ? ಇಲ್ಲ. ಒಪ್ಪಿದೆ. ಆದರೆ ಮನುಷ್ಯನ ಮುಖಕ್ಕೆ ಬೆಳಕು ಹೇಗೆ ಬೀಳುತ್ತೆ ಅಂತ ದಿನಕ್ಕೆ ಮೂವತ್ತು ಮುಖ ನೋಡಿ ಕಲಿಯೋ ಶಾಲೆ ಇನ್ನೆಲ್ಲಿದೆ?

ಬೆಳಕು ಅಂದ ಕೂಡಲೇ ನನಗೆ ನೆನಪಾಗೋದು ವಿ.ಕೆ. ಮೂರ್ತಿ. ನಮ್ಮ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಬೊಂಬಾಯಿಗೆ ಹೋದವರು. ಗುರುದತ್ತರ 'ಕಾಗಜ್ ಕೆ ಫೂಲ್' 1959ರದ್ದು, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿಂದ ಬೆಳಕಿನ ಕಂಬದ ಹಾಗೆ ಬಿಸಿಲು ಇಳಿಯೋ ಹಾಡು ಇದೆಯಲ್ಲ, ಅದಕ್ಕೆ ಮೂರ್ತಿಯವರು ಬಳಸಿದ್ದು ಭಾರೀ ದೀಪಗಳನ್ನಲ್ಲ. ದೊಡ್ಡ ಕನ್ನಡಿ! ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ಒಳಕ್ಕೆ ತಿರುಗಿಸಿದರು. ಮುಂದೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಹೂವು ಹಣ್ಣು' ಚಿತ್ರಕ್ಕೂ ಅವರದೇ ಕ್ಯಾಮೆರಾ. ಬಿಸಿಲಿಗೆ ಬಾಡಿಗೆ ಇಲ್ಲ, ಇಎಂಐ ಇಲ್ಲ. ಮನೆಯ ಉತ್ತರದ ಕಿಟಕಿ, ಆ ಕಡೆ ಒಂದು ಬಿಳಿ ಥರ್ಮಾಕೋಲ್ ಹಾಳೆ. ಮುಖದ ಕತ್ತಲ ಭಾಗಕ್ಕೆ ಆ ಹಾಳೆಯಿಂದ ಬೆಳಕು ಹಿಂತಿರುಗಿ ಬೀಳುತ್ತೆ. ಶೂಟಿಂಗ್ ನೋಡಿದವರಿಗೆ ಗೊತ್ತು, ಕೋಟಿಗಟ್ಟಲೆ ಖರ್ಚಿನ ಚಿತ್ರದಲ್ಲೂ ಹೀರೋಯಿನ್ ಪಕ್ಕ ಒಬ್ಬ ಹುಡುಗ ಥರ್ಮಾಕೋಲ್ ಹಿಡಿದು ನಿಂತಿರ್ತಾನೆ.

ನಿಮ್ಮ ಬಟಾಣಿ ಗಿಡ ಇಲ್ಲಿಂದ ಶುರು. ಒಂದು ದಿನಕ್ಕೆ ಕ್ಯಾಮೆರಾ ಬಾಡಿಗೆಗೆ ತನ್ನಿ, ಇಲ್ಲಾ ಸ್ನೇಹಿತರದ್ದು ಕೇಳಿ. ನಿಮ್ಮ ಬೀದಿಯ ಹತ್ತು ಜನರ ಮುಖ ತೆಗೆಯಿರಿ: ಹೂ ಕಟ್ಟೋ ಅಜ್ಜಿ, ಸೈಕಲ್ ಶಾಪಿನವರು, ಪಕ್ಕದ ಮನೆ ಮಗು. ಹತ್ತನ್ನೂ 8×12 ಇಂಚಿಗೆ ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲಿ ತೋರಿಸಿದರೆ ಜನ ಬೆರಳಲ್ಲಿ ತಳ್ಳಿ ಮುಂದಕ್ಕೆ ಹೋಗ್ತಾರೆ, ಕೈಗೆ ಕಾಗದ ಕೊಟ್ಟರೆ ನಿಂತು ನೋಡ್ತಾರೆ. ಎರಡು ಫೋಟೋ ಹೇರ್‌ಕಟಿಂಗ್ ಅಂಗಡಿಯಲ್ಲಿ, ಎರಡು ಟೈಲರ್ ಅಂಗಡಿಯಲ್ಲಿ ಹಾಕಿಸಿ, ಕೆಳಗೆ ನಿಮ್ಮ ನಂಬರು. ಮದುವೆ ಸೀರೆಗೆ ರವಿಕೆ ಹೊಲಿಸೋಕೆ ಬಂದವರು ಮೊದಲು ನೋಡೋದು ಅದನ್ನೇ. ಫಾಲ್ಕೆ ಕಾಲದಲ್ಲಿ ಜನ ಕ್ಯಾಮೆರಾಕ್ಕೆ ಹೆದರ್ತಿದ್ದರು. ಈಗ ಪ್ರತಿಯೊಬ್ಬನ ಜೇಬಲ್ಲೂ ಕ್ಯಾಮೆರಾ ಇದೆ, ನಾನೇ ತೆಗೀತೀನಿ ಅಂತಾನೆ. ಅವನ ಮೊಬೈಲಿಗಿಂತ ನೀವು ಬೇರೆ ಹೇಗೆ ಅಂತ ಈ ಹತ್ತು ಕಾಗದ ಹೇಳಬೇಕು. ಹೇಳಲಿಲ್ಲವೇ? ಹೋದದ್ದು ಎರಡು ಮೂರು ಸಾವಿರ, ಸರ ಅಲ್ಲ.

ಜೊತೆಗೆ ಒಂದು ಸೀಸನ್ ಹಳಬರೊಬ್ಬರ ಹಿಂದೆ ಹೋಗಿ. ನಾನೂ ಒಂದು ಸೀಸನ್ ಪೂರ್ತಿ ಮದುವೆ ಮನೆಗಳಲ್ಲಿ ಲೈಟ್ ಹಿಡಿದು ನಿಂತವನು. ದಿನಗೂಲಿ ಕಡಿಮೆ, ಆದರೆ ಅಲ್ಲಿ ಸಿಕ್ಕ ಪಾಠ ಪುಸ್ತಕದಲ್ಲಿಲ್ಲ. ಛತ್ರಕ್ಕೆ ಹೋದ ಕೂಡಲೇ ಪುರೋಹಿತರ ಪರಿಚಯ ಮಾಡಿಕೊಳ್ಳಬೇಕು. ಧಾರೆ ಯಾವಾಗ, ಯಾರು ಎಲ್ಲಿ ಕೂರ್ತಾರೆ ಅಂತ ಅವರೇ ಹೇಳ್ತಾರೆ, ಮಾಂಗಲ್ಯದ ಹೊತ್ತಿಗೆ ಎದುರು ನಿಂತವರನ್ನ ಅವರೇ ಪಕ್ಕಕ್ಕೆ ಸರಿಸ್ತಾರೆ. ಸೋದರಮಾವ ಯಾರು ಅಂತ ಮೊದಲೇ ಕೇಳಿಟ್ಟುಕೊಳ್ಳಬೇಕು. ಮೂಲೆಯಲ್ಲಿ ಕುರ್ಚಿ ಮೇಲೆ ಕೂತ ಅಜ್ಜಿಯನ್ನ ಮರೆಯಬಾರದು. ಆಲ್ಬಂ ಬಂದಮೇಲೆ ಮನೆಯವರು ಮೊದಲು ಹುಡುಕೋದು ಅವರನ್ನೇ, ಎಷ್ಟೋ ಸಲ ಅದೇ ಅವರ ಕೊನೆಯ ಒಳ್ಳೆ ಫೋಟೋ ಆಗಿರುತ್ತೆ. ಊಟ ಮೊದಲ ಪಂಕ್ತಿಯಲ್ಲೇ ಮುಗಿಸಿಬಿಡಬೇಕು, ಆಮೇಲೆ ಯಾರೂ ಕರೆಯೋಲ್ಲ!

ಸಿನಿಮಾದಲ್ಲಿ ಹೀರೋ ಡೈಲಾಗ್ ತಪ್ಪಿದರೆ ಇನ್ನೊಂದು ಟೇಕ್. ತಾಳಿ ಕಟ್ಟೋದಕ್ಕೆ ಇನ್ನೊಂದು ಟೇಕ್ ಇಲ್ಲ. ಆದ್ದರಿಂದಲೇ ಮದುವೆಗೆ ಎರಡು ಕಾರ್ಡ್ ಹಾಕೋ ಕ್ಯಾಮೆರಾ ಬೇಕು ಅನ್ನೋದು, ಒಂದು ಕೆಟ್ಟರೂ ಇನ್ನೊಂದರಲ್ಲಿ ಇರುತ್ತೆ. ಕೊಳ್ಳೋಕೆ ಆಗದಿದ್ದರೆ ಆ ದಿನಕ್ಕೆ ಬಾಡಿಗೆಗೆ ತನ್ನಿ. ರಾತ್ರಿ ಮಲಗೋ ಮುಂಚೆ ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಆಗಿರಬೇಕು, ಎರಡೂ ಒಂದೇ ಬ್ಯಾಗಿನಲ್ಲಿ ಇರಬಾರದು.

ಹತ್ತು ಫೋಟೋ ತೋರಿಸಿ ನಾಲ್ಕು ಆರ್ಡರ್ ಬಂತು ಅನ್ನಿ. ಆಗ ಸ್ವಂತ ಸಾಮಾನಿನ ಮಾತು. ನನ್ನ ಲೆಕ್ಕ 50 ಸಾವಿರದೊಳಗೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಕಿಟ್ ಲೆನ್ಸ್ ಸಮೇತ 25ರಿಂದ 30 ಸಾವಿರದ ಆಸುಪಾಸು. ಈಗ ಎಲ್ಲರೂ ಮಿರರ್‌ಲೆಸ್ ಕಡೆ ಓಡ್ತಾ ಇರೋದರಿಂದ ಹಳೇ ಡಿಎಸ್‌ಎಲ್‌ಆರ್ ಅಗ್ಗವಾಗಿದೆ, ಬಡವನಿಗೆ ಇದೇ ಸುಗ್ಗಿ. 50 ಎಂಎಂ ಎಫ್ 1.8 ಲೆನ್ಸು, ಅದೂ ಹಳೇದೇ ಸಾಕು. ಮುಖ ತೆಗೆಯೋಕೆ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆ ಗಾಜು ಬೇರೆ ಇಲ್ಲ. ಒಂದು ಫ್ಲಾಶು, ಎರಡು ಬ್ಯಾಟರಿ, ಎರಡು ಕಾರ್ಡು, ಹಾರ್ಡ್‌ಡಿಸ್ಕು. ಊರಿಂದ ಊರಿಗೆ ಬೆಲೆ ಹೆಚ್ಚು ಕಡಿಮೆ, ಚೌಕಾಸಿ ನಿಮ್ಮ ಬಾಯಿಗೆ ಬಿಟ್ಟದ್ದು. ಪ್ರಿಂಟರ್ ಆಮೇಲೆ ಬರಲಿ, ಮೊದಮೊದಲು ಲ್ಯಾಬಿಗೇ ಕೊಡಿ.

ಹಳೇದು ಕೊಳ್ಳುವಾಗ ಹುಷಾರು. ಶಟರ್ ಎಷ್ಟು ಸಲ ಬಿದ್ದಿದೆ ಅನ್ನೋ ಲೆಕ್ಕ ಕೇಳಿ. ಅದು ಗಾಡಿಯ ಕಿಲೋಮೀಟರ್ ಇದ್ದ ಹಾಗೆ. ನಿಕಾನ್ ಡಿ 750 ಥರದ ಕ್ಯಾಮೆರಾಕ್ಕೆ ಕಂಪನಿ ಹೇಳೋ ಆಯಸ್ಸು ಒಂದೂವರೆ ಲಕ್ಷ ಕ್ಲಿಕ್ಕು. ಒಂದು ಲಕ್ಷ ನಲವತ್ತು ಸಾವಿರ ಮುಗಿಸಿದ್ದನ್ನ ಹೊಸದರ ಹಾಗಿದೆ ಅಂತ ಕೊಟ್ಟರೆ ಕೈ ಮುಗಿದು ಬನ್ನಿ. ಅಪರ್ಚರ್ 16ಕ್ಕೆ ಇಟ್ಟು ಬಿಳಿ ಗೋಡೆ ತೆಗೆದು ನೋಡಿ. ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆ ಕಾಣುತ್ತೆ. ಧೂಳು ಒರೆಸಬಹುದು, ಗೀರು ಹೋಗೋಲ್ಲ. ಲೆನ್ಸನ್ನ ಟಾರ್ಚ್ ಎದುರು ಹಿಡಿದು ಒಳಗೆ ಬೂಸ್ಟು ಇದೆಯಾ ನೋಡಿ, ನಮ್ಮ ಮಲೆನಾಡು, ಕರಾವಳಿ ಕಡೆಯಿಂದ ಬಂದವುಗಳಲ್ಲಿ ಜಾಸ್ತಿ. ಫ್ಲಾಶ್ ಹಚ್ಚಿ ನೋಡಿ. ಮೂಲ ಬಿಲ್ಲು, ಅದರಲ್ಲಿರೋ ಸೀರಿಯಲ್ ನಂಬರು, ಕ್ಯಾಮೆರಾ ತಳದ ನಂಬರು ಮೂರೂ ತಾಳೆ ಆಗಬೇಕು. ಇಲ್ಲದಿದ್ದರೆ ನಾಳೆ ಪೊಲೀಸರು ನಿಮ್ಮ ಮನೆಗೆ ಬರ್ತಾರೆ, ಮಾರಿದವನ ಮನೆಗಲ್ಲ.

ಸಾಲ ಬೇಕೇ ಬೇಕು ಅಂದರೆ ಸರದ ತಂಟೆಗೆ ಹೋಗದೆ ಬ್ಯಾಂಕಿಗೆ ಹೋಗಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ 'ಶಿಶು' ಅನ್ನೋ ವರ್ಗ ಇದೆ, 50 ಸಾವಿರದವರೆಗೆ, ಅಡಮಾನ ಕೇಳೋ ಹಾಗಿಲ್ಲ. ಡಿಗ್ರಿ ಸರ್ಟಿಫಿಕೇಟೂ ಬೇಡ. ಉದ್ಯಮ್ ನೋಂದಣಿ ಪುಕ್ಕಟೆ, ಮಧ್ಯೆ ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. ಮ್ಯಾನೇಜರು ಒಂದೇ ಸಲಕ್ಕೆ ಹೂಂ ಅನ್ನೋಲ್ಲ. ಅಂಗಡಿಯ ಕೊಟೇಶನ್ ಜೊತೆಗೆ ನಿಮ್ಮ ಹತ್ತು ಫೋಟೋ, ಬಂದ ಆರ್ಡರಿನ ಚೀಟಿ ಮೇಜಿನ ಮೇಲಿಡಿ. ಬಟಾಣಿ ಗಿಡ ಬ್ಯಾಂಕಿನಲ್ಲೂ ಕೆಲಸ ಮಾಡುತ್ತೆ.

ದುಡ್ಡಿನ ವಿಷಯದಲ್ಲಿ ನಾಚಿಕೆ ಬೇಡ. ಆರ್ಡರ್ ಹಿಡಿಯೋ ದಿನವೇ ಅರ್ಧ ಅಡ್ವಾನ್ಸ್, ಮದುವೆ ದಿನ ಇನ್ನಷ್ಟು, ಆಲ್ಬಂ ಕೊಡೋಕೆ ಮುಂಚೆ ಪೂರಾ. ಎಷ್ಟು ಶೀಟು, ಎಷ್ಟು ದಿನದಲ್ಲಿ ಅಂತ ಚೀಟಿಯಲ್ಲಿ ಬರೆದು ಸಹಿ ಮಾಡಿಸಿ, ಸಂಬಂಧಿಕರಾದರೂ ಸರಿ. ಸಂಬಂಧಿಕರಾದರೆ ಎರಡು ಸಹಿ! ಬಾಕಿ ಉಳಿಸಿಕೊಂಡವರು ಆಲ್ಬಂ ಕೇಳೋಕೆ ಬರೋದು ಮಗುವಿನ ನಾಮಕರಣಕ್ಕೆ ಫೋಟೋ ಬೇಕಾದಾಗ. ಅಷ್ಟರಲ್ಲಿ ಲ್ಯಾಬಿನವರಿಗೆ ನೀವು ಕೈಯಿಂದ ಕಟ್ಟಿ ವರ್ಷ ಕಳೆದಿರುತ್ತೆ.

ಇನ್ನೊಂದು ಕಾನೂನಿನ ಮಾತು, ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕ ತೆಗೆಸಿದವನೇ. ಕ್ಲಿಕ್ ಮಾಡಿದ್ದು ನಾನು ಅಂತ ಮದುಮಗಳ ಫೋಟೋವನ್ನ ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ, ಫ್ಲೆಕ್ಸ್ ಬೋರ್ಡಿಗೆ ಹಾಕೋ ಹಾಗಿಲ್ಲ. ಮೊದಲ ದಿನದ ಚೀಟಿಯಲ್ಲೇ ಒಂದು ಸಾಲು ಬರೆಸಿ ಒಪ್ಪಿಗೆ ತಗೊಳ್ಳಿ. ಅದಿಲ್ಲದೆ ಜಗಳ ಆಗಿ, ಹುಡುಗಿ ಕಡೆಯವರು ಬಂದು ಅಂಗಡಿ ಗಾಜು ಒಡೆದದ್ದೂ ಉಂಟು.

ಸಿನಿಮಾ ಸ್ಟಿಲ್ಸಿಗೂ ಇದೇ ಕಲಂ. ಸೆಟ್ಟಿನಲ್ಲಿ ನೀವು ತೆಗೆದದ್ದು ದುಡ್ಡು ಕೊಟ್ಟ ನಿರ್ಮಾಪಕರದ್ದು. ಅಂದ ಹಾಗೆ, ಆ ಕನಸನ್ನ ನಾನು ತಮಾಷೆ ಮಾಡ್ತಿಲ್ಲ. ಡಾ. ರಾಜ್ ಕಾಲದ ಎಷ್ಟೋ ಚಿತ್ರಗಳ ಒಂದು ಫ್ರೇಮೂ ನಮ್ಮ ಕಣ್ಣ ಮುಂದೆ ಇರ್ತಿರಲಿಲ್ಲ, ಗಾಂಧಿನಗರದ ಪ್ರಗತಿ ಸ್ಟುಡಿಯೋದ ಅಶ್ವತ್ಥನಾರಾಯಣರಂಥವರು ಸ್ಟಿಲ್ ತೆಗೆದಿಡದೇ ಹೋಗಿದ್ದರೆ. ಟಾಕೀಸಿನ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸ್ತಿದ್ದ ಆ ಫೋಟೋಗಳನ್ನ ನೋಡಿಯೇ ಜನ ಒಳಗೆ ಹೋಗೋದೋ ಬೇಡವೋ ಅಂತ ತೀರ್ಮಾನ ಮಾಡ್ತಿದ್ದದ್ದು. ಈಗಿನ ಸೆಟ್ಟಿನಲ್ಲಿ ಸ್ಟಿಲ್ ಹುಡುಗನಿಗೆ ಶಟರ್ ಸದ್ದಾಗದ ಕ್ಯಾಮೆರಾ ಬೇಕು, ಸಿಂಕ್ ಸೌಂಡ್ ಇದ್ದರಂತೂ 'ಟಕ್' ಅಂದರೆ ಸೌಂಡ್ ರೆಕಾರ್ಡಿಸ್ಟ್ ಕೆಂಗಣ್ಣು ಬಿಡ್ತಾರೆ. ಆದರೆ ಒಳಗೆ ಸೇರಿಸಿಕೊಳ್ಳುವಾಗ ಯಾರೂ ಕ್ಯಾಮೆರಾ ಯಾವುದು ಅಂತ ಕೇಳೋಲ್ಲ, ಏನು ತೆಗೆದಿದ್ದೀಯಾ ತೋರಿಸು ಅಂತಾರೆ. ಕಲಿತೇ ಬರ್ತೀನಿ ಅನ್ನೋರಿಗೆ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಆ್ಯಂಡ್ ಟಿವಿ ಇನ್‌ಸ್ಟಿಟ್ಯೂಟ್ ಇದೆ. ಖಾಸಗಿ ಶಾಲೆಗಳ ಲಕ್ಷಗಟ್ಟಲೆ ಫೀಸು ಕೇಳಿ ಬೆಚ್ಚೋ ಮುಂಚೆ ಅಲ್ಲಿ ವಿಚಾರಿಸಿ.

ಅರಸೀಕೆರೆ ಪತ್ರದಲ್ಲಿ ಹಿಂಬದಿಗೆ ಒಂದು ಸಣ್ಣ ಪ್ರಶ್ನೆಯೂ ಇತ್ತು: ಡ್ರೋನ್ ಕೂಡ ತಗೊಳ್ಳಲೇ? ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನ ದುಡಿಮೆಗೆ ಹಾರಿಸಬೇಕಾದರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಮದುವೆ ಮನೆಯವರು ಡ್ರೋನ್ ಇರಲೇಬೇಕು ಅಂತ ಹಠ ಹಿಡಿದರೆ ಸರ್ಟಿಫಿಕೇಟ್ ಇರೋ ಪೈಲಟ್ ಒಬ್ಬರನ್ನ ದಿನದ ಲೆಕ್ಕಕ್ಕೆ ಕರೆಸಿ, ಆ ದುಡ್ಡನ್ನ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯಿರಿ.